ಹಿಂದಿನ ಕೋಣೆಯ ಅಳತೆ

ಬಸ್ ನಿಲ್ದಾಣದಿಂದ ಮನೆಯ ಗೇಟಿಗೆ ನಾನೂರ ಮೂವತ್ತೇಳು ಹೆಜ್ಜೆ ಆಯಿತು. ಹೆಜ್ಜೆಯಣ್ಣ ಗೇಟಿನ ಕಂಬ ಹಿಡಿದು ನಿಂತು ಉಸಿರು ಹತೋಟಿಗೆ ಬರುವವರೆಗೆ ಕಾದ. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಬರೆದುಕೊಂಡ. ನಿಲ್ದಾಣವನ್ನು ಮತ್ತೆ ಆಚೆಗೆ ಸರಿಸಿದ್ದಾರೆ ಎಂದುಕೊಂಡ. ಈ ಬಡಾವಣೆಗೆ ಅವನು ಬಂದಾಗೆಲ್ಲ ನಿಲ್ದಾಣ ಇನ್ನಷ್ಟು ದೂರ ಹೋಗಿರುತ್ತಿತ್ತು. ಶಾಲೆಯೂ ಹಾಗೆಯೇ, ಔಷಧಿ ಅಂಗಡಿಯೂ ಹಾಗೆಯೇ.

ಮನೆ ಮಾರಿಸಿಕೊಡುವ ಆಫೀಸೊಂದರಲ್ಲಿ ಅವನಿಗೆ ಕೆಲಸ. ಅದರ ಒಡತಿಯನ್ನು ಎಲ್ಲರೂ ಆಫೀಸಿನಮ್ಮ ಎನ್ನುತ್ತಿದ್ದರು. ಮಾರಾಟಕ್ಕೆ ಬಂದ ಮನೆಯನ್ನು ನೋಡಿ ವಿವರದ ಕಾಗದ ಬರೆಯಬೇಕು. ಕಟ್ಟಿ ಎಷ್ಟು ವರ್ಷವಾಯಿತು, ಗೋಡೆ ಇಟ್ಟಿಗೆಯದೋ ಕಲ್ಲಿನದೋ, ಕೋಣೆಗಳು ಎಷ್ಟೆಷ್ಟು ಅಡಿ, ಯಾರು ಯಾರಿಗೆ ಯಾವಾಗ ಮಾರಿದರು, ಬಸ್ಸು, ಶಾಲೆ, ಆಸ್ಪತ್ರೆ ಎಲ್ಲೆಲ್ಲಿವೆ. ಬೇರೆ ಆಫೀಸಿನವರು ಇದನ್ನೆಲ್ಲ ಕುರ್ಚಿಯಲ್ಲಿ ಕೂತೇ ಬರೆಯುತ್ತಿದ್ದರು. ಹೆಜ್ಜೆಯಣ್ಣ ಮಾತ್ರ ನಡೆದು ಬರೆಯುತ್ತಿದ್ದ. ಅವನ ಕಾಗದದಲ್ಲಿ 'ಆಸ್ಪತ್ರೆ ಹತ್ತಿರ' ಎಂಬ ಹಾರಿಕೆಯ ಮಾತು ಇರುತ್ತಿರಲಿಲ್ಲ. 'ಆಸ್ಪತ್ರೆ ಒಂಬೈನೂರ ಎಂಟು ಹೆಜ್ಜೆ, ನಡುವೆ ಒಂದು ಏರು' ಎಂದಿರುತ್ತಿತ್ತು. ಮನೆಯೊಳಗೂ ಅವನು ನಡೆದೇ ಅಳೆಯುವವನು. ಒಂದು ಹೆಜ್ಜೆಗೆ ಎರಡೂವರೆ ಅಡಿ.

ಆ ಎರಡೂವರೆ ಅಡಿ ಅವನಿಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ಹೊಲದ ಬದುವಿನ ಮೇಲೆ ನಡೆದರೆ ನೂರು ಹೆಜ್ಜೆಗೆ ಒಂದು ಗೇಣೂ ಆಚೀಚೆ ಆಗುತ್ತಿರಲಿಲ್ಲ. ಅಣ್ಣತಮ್ಮಂದಿರು ಪಾಲಿಗಾಗಿ ಜಗಳಾಡಿದರೆ ಅಳತೆಯ ಸರಪಳಿ ತರುವ ಮೊದಲು ಅಪ್ಪನನ್ನು ಕರೆಯುತ್ತಿದ್ದರು. ಸರಪಳಿ ಜಗ್ಗಬಹುದು, ಇವನ ಕಾಲು ಜಗ್ಗದು ಎಂಬುದು ಊರಿನ ಮಾತು. ಮಗನನ್ನು ಉತ್ತ ಮಣ್ಣಿನಲ್ಲಿ ಮುಂದೆ ನಡೆಸಿ, ಹಿಂದಿನಿಂದ ಕೋಲು ಹಿಡಿದು, ಪ್ರತಿ ಹೆಜ್ಜೆಯ ಗುರುತನ್ನೂ ಅಳೆದು ಅಪ್ಪ ಅವನನ್ನು ಪಳಗಿಸಿದ್ದ. ಪಟ್ಟಣ ಬೆಳೆದು ಹೊಲಗಳು ನಿವೇಶನಗಳಾದಾಗ, ಮಾರಿದ ಹಸುವಿನ ಹಿಂದೆ ಕರು ಹೋಗುವ ಹಾಗೆ, ಹೆಜ್ಜೆಯಣ್ಣ ಮಣ್ಣಿನ ಹಿಂದೆಯೇ ಈ ಕೆಲಸಕ್ಕೆ ಬಂದ. ಇಪ್ಪತ್ತೆರಡು ವರ್ಷವಾಯಿತು. ಈಗ ಅರವತ್ತನಾಲ್ಕು.

ಆರು ವರ್ಷದ ಹಿಂದೆ ಬಸ್ಸಿನಿಂದ ಇಳಿಯುವಾಗ ಎಡ ಮೊಣಕಾಲು ಉಳುಕಿತ್ತು. ವಾಸಿಯಾಯಿತೆಂದು ಅವನು ಎಲ್ಲರಿಗೂ ಹೇಳಿದ್ದ. ಸಂತೆಗೆ ಹೋಗುವಾಗ ಹೆಂಡತಿ, "ಮುಂಚೆ ನಿಮ್ಮ ಹಿಂದೆ ಓಡಿ ಓಡಿ ನನ್ನ ಚಪ್ಪಲಿ ಸವೀತಿತ್ತು. ಈಗ ನಿಂತು ನಿಂತು ಸವೀತಿದೆ" ಎನ್ನುತ್ತಿದ್ದಳು. ವಯಸ್ಸಾದರೂ ಇವಳ ನಡಿಗೆ ಚುರುಕಾಗುತ್ತಿದೆಯಲ್ಲ ಎಂದು ಅವನಿಗೆ ಆಶ್ಚರ್ಯವಾಗುತ್ತಿತ್ತು.

ಬಾಗಿಲು ತೆರೆದವಳು ಹೊಲಿಗೆಯವಳು, ಮನೆಯ ಒಡತಿ. ನಲವತ್ತೈದರ ಆಸುಪಾಸು. ಕೊರಳಿಗೆ ಅಳತೆಪಟ್ಟಿ ಜೋತುಬಿದ್ದಿತ್ತು. ಅದು ಇದೆ ಎಂಬುದೇ ಅವಳಿಗೆ ಮರೆತಂತಿತ್ತು.

"ಬನ್ನಿ ಅಣ್ಣಾ. ಬರ್ತೀರ ಅಂತ ಗೊತ್ತಿತ್ತು. ಈ ಮನೆ ಕಾಗದ ನೀವಲ್ಲದೆ ಇನ್ಯಾರು ಬರೀತಾರೆ?"

"ಯಾಕಮ್ಮಾ, ನಾಲ್ಕೇ ವರ್ಷಕ್ಕೆ ಬೇಜಾರಾಯ್ತಾ?"

"ಮೊದಲು ಅಳೀರಿ. ಮಾತು ಎಲ್ಲಿಗೂ ಓಡಿಹೋಗಲ್ಲ."

ಹೆಜ್ಜೆಯಣ್ಣ ಚಪ್ಪಲಿ ಬಿಟ್ಟು ಹಿಮ್ಮಡಿಯನ್ನು ಗೋಡೆಗೆ ಆನಿಸಿ ನಿಂತ. ಅಳೆಯುವಾಗ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ ಒಂದು ಮೊಳೆಯನ್ನೋ ಕಲೆಯನ್ನೋ ಗುರಿ ಹಿಡಿದು, ತುಟಿ ಅಲ್ಲಾಡಿಸುತ್ತ ನಡೆಯುತ್ತಿದ್ದ. ನಡುಮನೆ ಎಂಟೂವರೆ ಹೆಜ್ಜೆ. ಅಡುಗೆಮನೆ, ಮಲಗುವ ಕೋಣೆ ಮುಗಿಸಿ ಹಿಂದಿನ ಕೋಣೆಗೆ ಬಂದ. ಉದ್ದನೆಯ ಕೋಣೆ, ಹಿತ್ತಲಿಗೆ ಎರಡು ಕಿಟಕಿ. ನೆಲದ ಮೇಲೆ ಯಂತ್ರಗಳ ಕಾಲು ಊರಿದ್ದ ಗುರುತುಗಳು ಎರಡು ಸಾಲು ಇದ್ದವು, ಯಂತ್ರಗಳು ಇರಲಿಲ್ಲ. ಮೂಲೆಯಲ್ಲಿ ಕತ್ತರಿಸಿದ ಬಟ್ಟೆಯ ಅಂಚುಗಳ ಒಂದು ಮೂಟೆ, ಎಲ್ಲ ಒಂದೇ ನೀಲಿ.

"ಏಳು ಹೆಜ್ಜೆ" ಎಂದ. "ಹದಿನೇಳೂವರೆ ಅಡಿ. ಒಳ್ಳೇ ಕೋಣೆ."

ಹೊಲಿಗೆಯವಳು ನಕ್ಕಳು. ನಗು ಬಂದು ನಕ್ಕದ್ದಲ್ಲ.

"ನಾನು ಕೊಂಡಾಗ ಹದಿನೈದಿತ್ತು. ನಾಲ್ಕು ವರ್ಷದಲ್ಲಿ ಎರಡೂವರೆ ಅಡಿ ಬೆಳೆದಿದೆ. ಗೊಬ್ಬರ ಹಾಕಿದ್ದೆ ಅಂತ ನನಗೂ ನೆನಪಿಲ್ಲ."

"ಏನಮ್ಮಾ ಹಾಗಂದ್ರೆ?"

ಅವಳು ಬೀರುವಿನಿಂದ ಒಂದು ರಟ್ಟಿನ ಕಡತ ತಂದು ನಡುಮನೆಯ ಮೇಜಿನ ಮೇಲೆ ಬಿಚ್ಚಿದಳು. ಮನೆಯ ಪತ್ರಗಳ ಜೊತೆಗೆ ಒಬ್ಬರಿಂದ ಒಬ್ಬರಿಗೆ ಬಂದ ವಿವರದ ಕಾಗದಗಳು ಮೂರು ಅದರಲ್ಲಿದ್ದವು. ಮೂರೂ ಅವನ ಅಕ್ಷರ. ಮನೆ ಕಟ್ಟಿಸಿದವನು ಅಂಚೆ ಕಚೇರಿಯ ಗುಮಾಸ್ತ. ವರ್ಗವಾಗಿ ಹದಿನೇಳು ವರ್ಷದ ಹಿಂದೆ ಇಬ್ಬರು ಟೀಚರಮ್ಮಂದಿರಿಗೆ ಮಾರಿದ, ಅಕ್ಕತಂಗಿಯರಿಗೆ. ಅಕ್ಕ ತೀರಿಕೊಂಡ ಮೇಲೆ ತಂಗಿ ಹನ್ನೊಂದು ವರ್ಷದ ಹಿಂದೆ ಔಷಧಿ ಅಂಗಡಿಯವನಿಗೆ ಕೊಟ್ಟಳು. ಅವನು ಏಳು ವರ್ಷ ಇದ್ದು ಹೊಲಿಗೆಯವಳಿಗೆ ಕೊಟ್ಟ. ಹೆಜ್ಜೆಯಣ್ಣನಿಗೆ ಎಲ್ಲರ ಮುಖವೂ ನೆನಪಿತ್ತು. ಹೊಸ ಕಾಗದ ಬರೆಯುವಾಗ ಹಳೆಯದನ್ನು ನೋಡುವ ಪದ್ಧತಿ ಮಾತ್ರ ಅವನಿಗಿರಲಿಲ್ಲ. ಕಾಲು ಇರುವಾಗ ಕಾಗದವನ್ನು ಯಾಕೆ ಕೇಳಬೇಕು?

ಹೊಲಿಗೆಯವಳು ಸೂಜಿ ಹಿಡಿದು ಹಿಡಿದು ಒರಟಾದ ಬೆರಳನ್ನು ಸಾಲುಗಳ ಮೇಲೆ ಓಡಿಸಿದಳು.

"ಹಿಂದಿನ ಕೋಣೆ. ಗುಮಾಸ್ತರು ಮಾರಿದಾಗ ಹನ್ನೆರಡೂವರೆ. ಟೀಚರಮ್ಮ ಮಾರಿದಾಗ್ಲೂ ಹನ್ನೆರಡೂವರೆ. ನನಗೆ ಹದಿನೈದು. ಈಗ ಹದಿನೇಳೂವರೆ. ಇನ್ನೂ ನಾಲ್ಕು ಸಲ ಮಾರಿದ್ರೆ ಅರಮನೆ ಆಗುತ್ತೆ. ಇನ್ನು ಬಸ್ ನಿಲ್ದಾಣ ನೋಡಿ. ಮುನ್ನೂರ ಹನ್ನೆರಡು. ಮುನ್ನೂರ ಹನ್ನೆರಡು. ಮುನ್ನೂರ ಎಪ್ಪತ್ನಾಲ್ಕು. ಇವತ್ತೆಷ್ಟು?"

"ನಾನೂರ ಮೂವತ್ತೇಳು" ಎಂದ ಅವನು. "ನಿಲ್ದಾಣ ಸರಿಸಿದಾರಲ್ಲ..."

"ನಿಲ್ದಾಣದ ಪಕ್ಕದ ಮರಾನೂ ಸರಿಸಿದ್ರಾ ಅಣ್ಣಾ?"

ಆ ಮರದ ಬುಡದ ಕಟ್ಟೆಯ ಮೇಲೆ ಅವನು ಇವತ್ತೂ ಕೂತು ಎದ್ದು ಬಂದಿದ್ದ. ಹದಿನೇಳು ವರ್ಷದ ಹಿಂದೆಯೂ ಕೂತಿದ್ದ.

"ಬನ್ನಿ" ಎಂದು ಅವಳು ಅವನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಕೊರಳಿನ ಪಟ್ಟಿ ತೆಗೆದು ನೆಲಕ್ಕೆ ಹಾಸಿದಳು. ಅರವತ್ತು ಇಂಚಿನ ಪಟ್ಟಿ. ಎರಡು ಸಲ ಪೂರ್ತಿ, ಮೂರನೆಯ ಸಲ ಸರಿಯಾಗಿ ಅರ್ಧ. ಹನ್ನೆರಡೂವರೆ ಅಡಿಗೆ ಗೋಡೆ ಬಂತು.

"ಈಗ ನೀವು ನಡೀರಿ."

ಅವನು ನಡೆದ. ಅವಳು ಗಿರಾಕಿಯ ಅಳತೆ ತೆಗೆಯುವವಳಂತೆ ಮಂಡಿಯೂರಿ, ಅವನು ಇಟ್ಟ ಹಿಮ್ಮಡಿಯಿಂದ ಹಿಮ್ಮಡಿಗೆ ಪಟ್ಟಿ ಹಿಡಿದಳು. ಅಪ್ಪ ಕೋಲು ಹಿಡಿದು ಬೆನ್ನ ಹಿಂದೆ ಬರುತ್ತಿದ್ದದ್ದು ನೆನಪಾಗಿ ಅವನ ಕಾಲು ಇನ್ನಷ್ಟು ಬಿಗಿಯಿತು.

"ಇಪ್ಪತ್ತೊಂದು ಇಂಚು" ಎಂದಳು. "ಎರಡಡೀನೂ ಇಲ್ಲ ಅಣ್ಣಾ."

ಅವನು ಕಿಟಕಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಬಲಗಾಲು ಹೋದಷ್ಟು ದೂರ ಎಡಗಾಲು ಹೋಗುತ್ತಿಲ್ಲವೆಂದು ಬಲಗಾಲೂ ತನ್ನನ್ನು ಕುಗ್ಗಿಸಿಕೊಂಡಿತ್ತು, ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದು ನಿಧಾನವಾಗುವ ಹಾಗೆ. ಮನೆಗಳು ದೊಡ್ಡವಾಗುತ್ತ ಊರು ದೂರವಾಗುತ್ತ ಆರು ವರ್ಷ ಕಳೆದಿದ್ದವು, ಅವನಿಗೆ ಗೊತ್ತಾಗಿರಲಿಲ್ಲ.

ಅವಳು ಚಹ ತಂದುಕೊಟ್ಟು ಎದುರಿನ ನೆಲದಲ್ಲಿ ಕೂತಳು.

"ಇಲ್ಲಿ ಎಂಟು ಯಂತ್ರ ಹಾಕಬೇಕು ಅಂತ ಈ ಮನೆ ತಗೊಂಡೆ. ಸಾಲಿಗೆ ನಾಲ್ಕು, ಎರಡು ಸಾಲು. ಹದಿನೈದು ಅಡಿ ಇದ್ರೆ ಕೂರುತ್ತೆ. ಶಾಲೆಯವರು ಸಮವಸ್ತ್ರದ ಕೆಲಸ ಕೊಡ್ತೀವಿ ಅಂದಿದ್ರು, ಎಂಟು ಯಂತ್ರಕ್ಕೆ ಕಡಿಮೆ ಇರಬಾರದು ಅಂತ. ತಂದು ಇಳಿಸಿದ್ರೆ ಮೂರು ಮೂರೇ ಹಿಡಿಸಿದ್ದು. ಉಳಿದ ಎರಡನ್ನ ಮುಂದಿನ ಜಗಲಿಗೆ ಹಾಕಿದೆ, ಮೇಲೆ ಟಾರ್ಪಾಲು ಕಟ್ಟಿ. ಮಳೆ ಎರಚಲು ಹೊಡೆದು ತುಕ್ಕು. ಸದ್ದು ಅಂತ ಅಕ್ಕಪಕ್ಕದವರ ದೂರು. ಎರಡನೇ ವರ್ಷ ಶಾಲೆಯವರು ಬಂದು ನೋಡಿದ್ರು, ಆರೇ ಯಂತ್ರ ಅಂದ್ರು, ಹೋದ್ರು."

"ಕೊಳ್ಳೋವಾಗ ಅಳೀಲಿಲ್ವೇನಮ್ಮಾ? ಕೊರಳಲ್ಲೇ ಪಟ್ಟಿ..."

"ಅದನ್ನೇ ನನ್ನ ಯಜಮಾನರೂ ದಿನಾ ಕೇಳ್ತಾರೆ." ಅವಳ ದನಿ ಗಟ್ಟಿಯಾಯಿತು. "ಅಳೆಯೋಣ ಅಂತ ಪಟ್ಟಿ ತೆಗೆದಿದ್ದೆ ಅಣ್ಣಾ. ನಿಮ್ಮ ಆಫೀಸಿನಮ್ಮ ಪಕ್ಕದಲ್ಲೇ ಇದ್ರು. 'ಹೆಜ್ಜೆಯಣ್ಣ ಬರೆದ ಕಾಗದದ ಮೇಲೆ ಪಟ್ಟಿ ಹಿಡೀತೀರಾ?' ಅಂತ ನಕ್ಕರು. ನನಗೇ ನಾಚಿಕೆ ಆಯ್ತು. ಮಡಚಿ ಇಟ್ಕೊಂಡೆ. ನೋಂದಣಿ ಪತ್ರದಲ್ಲಿ ನಿವೇಶನದ ಅಳತೆ ಇರುತ್ತೆ, ಕೋಣೆದು ಇರಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆ ಎಷ್ಟುದ್ದ ಅಂತ ಹೇಳಿದೋರೇ ನೀವಲ್ವಾ?"

"ಯಾಕೆ ಬಂದು ಕೇಳಲಿಲ್ಲ ನನ್ನ?"

"ಆಫೀಸಿಗೆ ಬಂದಿದ್ದೆ. ನೀವಿರಲಿಲ್ಲ, ಆಯಮ್ಮ ಇದ್ರು. ಗೋಡೆಗೆ ಬಳಿದ ಗಿಲಾವು ದಪ್ಪ ಆಗಿರಬೇಕು ಅಂದ್ರು. ಎರಡೂವರೆ ಅಡಿ ಗಿಲಾವಂತೆ!"

ಹೆಜ್ಜೆಯಣ್ಣನ ತಲೆಯಲ್ಲಿ ಬೇರೆ ಬೇರೆ ಮನೆಗಳು ಸಾಲುಗಟ್ಟಿ ನಿಂತಿದ್ದವು. ಬೀರು ಹಿಡಿಸುತ್ತಿಲ್ಲವೆಂದು ಒಬ್ಬ ಬಂದು ಗೊಣಗಿದ್ದ. "ನಿಮ್ಮ ಬೀರು ಉಂಡು ದಪ್ಪ ಆಗಿದೆ, ಉಪವಾಸ ಹಾಕಿ" ಎಂದು ಇವನೇ ನಕ್ಕು ಕಳಿಸಿದ್ದ. ಮಗಳ ಮಂಚ ಕೂರುತ್ತಿಲ್ಲ ಎಂದ ಒಬ್ಬ ತಾಯಿಗೂ ಏನೋ ತಮಾಷೆ ಹೇಳಿದ್ದ. ಏನು ಎಂದು ಈಗ ನೆನಪಾಗಲಿಲ್ಲ.

ಅವನು ಹೊಸ ಕಾಗದ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಹೊಲಿಗೆಯವಳು ಕೈ ಅಡ್ಡ ಹಿಡಿದಳು.

"ಏನು ಬರೀತೀರ?"

"ಇರೋದನ್ನ. ಹನ್ನೆರಡೂವರೆ."

"ಬರೀಬೇಡಿ." ಅವಳು ತುಂಬ ಮೆಲ್ಲಗೆ ಹೇಳಿದಳು. "ಹದಿನೈದು ಅಂತ ಕೊಂಡೆ, ಹದಿನೈದು ಅಂತಲೇ ಮಾರ್ತೀನಿ. ಹದಿನೇಳೂವರೆ ನನಗೆ ಬೇಡ, ಅಷ್ಟು ಆಸೆ ಇಲ್ಲ. ಹನ್ನೆರಡೂವರೆ ಅಂದ್ರೆ ಬೆಲೆ ಬಿದ್ದುಹೋಗುತ್ತೆ ಅಣ್ಣಾ. ಬಾಡಿಗೆ ಮನೆ ನೋಡಿಟ್ಟಿದೀವಿ. ಒಂದು ಯಂತ್ರ ಉಳಿಸ್ಕೊಂಡಿದೀನಿ. ನೀವು ಒಂದು ಸಲ ನನ್ನ ಮುಳುಗಿಸಿದೀರಿ. ಎರಡನೇ ಸಲ ಸತ್ಯ ಹೇಳಿ ಮುಳುಗಿಸ್ತೀರಾ?"

"ಬರೋರ ಗತಿ?"

"ನನಗೆ ಯಾರು ಯೋಚನೆ ಮಾಡಿದ್ರು?"

ಈ ಹೆಂಗಸಿಗೆ ತಾನು ಮಾಡಿದ ಕೇಡಿಗೆ ಪರಿಹಾರವೆಂದರೆ ಇನ್ನೊಬ್ಬರಿಗೆ ಅದೇ ಕೇಡು ಮಾಡುವುದು. ಅದು ಬಿಟ್ಟರೆ ಇವಳಿಗೇ ಮತ್ತೆ ಮಾಡುವುದು. ಪೆನ್ಸಿಲ್ಲು ಕಾಗದದ ಮೇಲೆ ಬಹಳ ಹೊತ್ತು ನಿಂತಿತ್ತು. ಕೊನೆಗೆ ಅವನು ಹಿಂದಿನ ಕೋಣೆ ಎಂದು ಬರೆದು ಅದರ ಮುಂದೆ ಹನ್ನೆರಡೂವರೆ ಅಡಿ ಎಂದು ಬರೆದ. ಬೇರೇನೂ ಬರೆಯಲು ಅವನ ಕೈಗೆ ಬರುತ್ತಿರಲಿಲ್ಲ. ಅದು ಧೈರ್ಯವಲ್ಲ, ಅಭ್ಯಾಸ.

"ಬಯ್ಯಮ್ಮಾ" ಎಂದ. "ಬೈದುಬಿಡು."

ಅವಳು ಬಯ್ಯಲಿಲ್ಲ. ನೆಲದ ಮೇಲಿದ್ದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಉಳಿದ ಕೋಣೆಗಳಿಗೂ ಬೇಕಲ್ಲ" ಎಂದು ಅವನ ಕೈಗೆ ಕೊಟ್ಟಳು. ಅವನು ಮಂಡಿಯೂರಲಾರದೆ ಮಂಡಿಯೂರಿ ನಡುಮನೆಯನ್ನು ಅಳೆದ. ಎಂಟೂವರೆ ಹೆಜ್ಜೆಯ ನಡುಮನೆ ಹದಿನೈದು ಅಡಿಗೆ ಮುಗಿದುಹೋಯಿತು.

ಆಫೀಸಿನಮ್ಮ ಕಾಗದವನ್ನು ಓದಿ ಕನ್ನಡಕ ತೆಗೆದಿಟ್ಟಳು. ಐವತ್ತರ ಹೆಂಗಸು, ಗಂಡ ಬಿಟ್ಟುಹೋದ ವ್ಯಾಪಾರವನ್ನು ಒಬ್ಬಳೇ ನಿಲ್ಲಿಸಿದವಳು. ಹೆಜ್ಜೆಯಣ್ಣ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಮೊಣಕಾಲು, ಇಪ್ಪತ್ತೊಂದು ಇಂಚು, ಆರು ವರ್ಷ.

"ಗೊತ್ತು ಯಜಮಾನ್ರೇ" ಎಂದಳು. "ಕೂತ್ಕೊಳ್ಳಿ."

"ಗೊತ್ತಾ?"

"ಆ ಹೊಲಿಗೆಯವರು ಬಂದು ಹೋದ ಸಂಜೆನೇ ಹೋಗಿ ಅಳೆದು ನೋಡಿದೆ. ಆಮೇಲೆ ಇನ್ನೂ ನಾಲ್ಕೈದು ಮನೆ ನೋಡಿದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹೇಳಿ ಏನು ಮಾಡ್ಲಿ? ನಿಮ್ಮನ್ನ ಬಿಡಿಸಿಬಿಡ್ಲಾ?" ಅವಳ ಮಾತಿನಲ್ಲಿ ಕೋಪವಿರಲಿಲ್ಲ. "ಕೋಣೆ ದೊಡ್ಡದು ಅಂತ ಯಾರೂ ಮನೆ ಬೇಡ ಅನ್ನಲ್ಲ. ಕೊಂಡ್ಮೇಲೆ ಗೊಣಗ್ತಾರೆ, ಒಗ್ಗಿಕೊಳ್ತಾರೆ. ಮೋಸ ಅಂದ್ರೆ ಬೇಕು ಅಂತ ಮಾಡಿದ್ದು. ನೀವು ಬೇಕು ಅಂತ ಮಾಡ್ಲಿಲ್ವಲ್ಲ."

"ನಾನು ಮಾಡ್ಲಿಲ್ಲ" ಎಂದ ಹೆಜ್ಜೆಯಣ್ಣ. ನೀವು ಮಾಡಿದ್ರಿ ಎಂದು ಮುಂದಕ್ಕೆ ಸೇರಿಸಲಿಲ್ಲ. ಇಪ್ಪತ್ತೆರಡು ವರ್ಷ ಅವಳ ಚಹ ಕುಡಿದಿದ್ದ.

"ಆಯ್ತು, ಇಟ್ಟು ಹೋಗಿ. ಒಂದು ವಾರ ಮನೇಲಿ ಕಾಲಿಗೆ ಎಣ್ಣೆ ಹಚ್ಚಿಸ್ಕೊಳ್ಳಿ. ನಾನು ನೋಡ್ಕೋತೀನಿ."

ಒಂದು ವಾರ ಅವನು ಮನೆಯಲ್ಲಿದ್ದ. ಹೆಂಡತಿ ಎಣ್ಣೆ ತಿಕ್ಕಿದಳು. "ಈಗಲಾದ್ರೂ ಕಾಲು ಕೆಟ್ಟಿದೆ ಅಂತ ಒಪ್ಪಿದ್ರಲ್ಲ, ಕೆಟ್ಟ ಮೇಲೆ ಬುದ್ಧಿ ಬಂತು" ಎಂದಳು. ಅವನು ಹಳೆಯ ಪುಸ್ತಕಗಳನ್ನು ತೆಗೆಸಿ ಆರು ವರ್ಷದ ಮನೆಗಳನ್ನು ಎಣಿಸಿದ. ಎಪ್ಪತ್ತಮೂರು. ಎಷ್ಟಾಯಿತೆಂದು ಹೆಂಡತಿ ಕೇಳಿದಾಗ, "ಬಹಳ" ಎಂದಷ್ಟೇ ಹೇಳಿದ.

ಎಂಟನೆಯ ದಿನ ಬೆಳಿಗ್ಗೆ ಆಫೀಸಿನ ಮುಂದೆ ಇಳಿದಾಗ ಕಿಟಕಿಯ ಗಾಜಿನ ಹಿಂದೆ ಆ ಮನೆಯ ಕಾಗದ ಅಂಟಿಸಿತ್ತು. ಟೈಪು ಮಾಡಿದ ಕಾಗದ. ನಡುಮನೆ ಹದಿನೇಳೂವರೆ. ಹಿಂದಿನ ಕೋಣೆ ಹದಿನೈದು. ಬಸ್ ನಿಲ್ದಾಣ ಮಾತ್ರ ಮುನ್ನೂರ ಹನ್ನೆರಡು ಹೆಜ್ಜೆ. ಎಲ್ಲೆಲ್ಲಿ ಯಾವ ವರ್ಷದ ಕಾಗದ ಚೆನ್ನಾಗಿತ್ತೋ ಅಲ್ಲಲ್ಲಿಂದ ಆರಿಸಿ ತೆಗೆದಿದ್ದರು, ಕಲ್ಲು ಹೆಕ್ಕಿದ ಕಾಳಿನ ಹಾಗೆ. ಕೆಳಗೆ ಅವನ ಹೆಸರು, ಇಪ್ಪತ್ತೆರಡು ವರ್ಷದ ಅನುಭವ ಎಂಬ ಮಾತು.

ಗಾಜಿನ ಮುಂದೆ ಗಂಡಹೆಂಡತಿ ನಿಂತು ಓದುತ್ತಿದ್ದರು. ಹೆಂಡತಿಯ ಹೊಟ್ಟೆ ಮುಂದಕ್ಕೆ ಬಂದಿತ್ತು, ತಿಂಗಳು ತುಂಬುತ್ತ ಬಂದವಳು. ಅವಳು ಬೆರಳು ಮಡಚುತ್ತ, "ಅಮ್ಮನ ಮಂಚ ಆ ಕಡೆ, ತೊಟ್ಟಿಲು ಈ ಕಡೆ, ನಡುವೆ ಗಾಲಿಕುರ್ಚಿ ತಿರುಗುತ್ತೆ. ಹದಿನೈದು ಅಂದ್ರೆ ಸಾಕು ಕಣ್ರೀ" ಎಂದಳು.

"ಆ ಕೋಣೆ ಹನ್ನೆರಡೂವರೆ ಅಮ್ಮಾ" ಎಂದ ಹೆಜ್ಜೆಯಣ್ಣ.

ಇಬ್ಬರೂ ತಿರುಗಿ ನೋಡಿದರು.

"ಯಾರು ನೀವು?" ಎಂದ ಗಂಡ.

"ಈ ಕಾಗದ ಬರೆದವನು. ಇಲ್ಲಿ ಹೆಸರಿದೆಯಲ್ಲ, ನಾನೇ."

ಗಂಡ ಕಾಗದವನ್ನೂ ಅವನನ್ನೂ ನೋಡಿದ. ಅವನ ದೃಷ್ಟಿ ಎಣ್ಣೆಯ ಕಲೆಯಾಗಿದ್ದ ಪ್ಯಾಂಟಿನ ಮೊಣಕಾಲಿಗೆ ಇಳಿದು ನಿಂತಿತು.

"ನೀವೇ ಹದಿನೈದು ಅಂತ ಬರೆದು, ನೀವೇ ಹನ್ನೆರಡೂವರೆ ಅಂತೀರಾ?"

"ಪಟ್ಟಿ ಹಿಡಿದು ನೋಡಿ. ನಾನು ಹೇಳಿದ್ದನ್ನೂ ನಂಬಬೇಡಿ. ಅಳೆದು ನೋಡಿ."

ಗಂಡ ಹೆಂಡತಿಯ ಕೈ ಹಿಡಿದು ಬಾಗಿಲ ಕಡೆ ನಡೆಸಿದ. "ಬೇರೆ ಆಫೀಸಿನೋರು ಹೀಗೆ ಜನ ನಿಲ್ಲಿಸಿರ್ತಾರೆ, ವ್ಯಾಪಾರ ಕೆಡಿಸೋಕೆ" ಎಂದದ್ದು ಕೇಳಿಸಿತು. ಒಳಗೆ ಆಫೀಸಿನಮ್ಮ ಎದ್ದು ಬಂದು ಅವರನ್ನು ಕರೆದುಕೊಂಡಳು. ಗಾಜಿನ ಆಚೆಯಿಂದ ಅವನನ್ನು ಒಮ್ಮೆ ನೋಡಿದಳು. ಆಮೇಲೆ ಮೂವರೂ ಅವಳ ಕಾರಿನಲ್ಲಿ ಕೂತು ಹೊರಟರು.

ಹೆಜ್ಜೆಯಣ್ಣ ಬಸ್ಸಿಗೆ ಕಾದ. ಬಸ್ಸು ಬಂದಾಗ ಅರ್ಧ ಗಂಟೆಯಾಗಿತ್ತು. ಬಡಾವಣೆಯ ಮರದ ಹತ್ತಿರ ಇಳಿದು ಅವನು ಆದಷ್ಟು ಉದ್ದ ಹೆಜ್ಜೆ ಹಾಕಲು ನೋಡಿದ. ಐವತ್ತು ಹೆಜ್ಜೆಗೆ ಮೊಣಕಾಲು ಬೆಂಕಿಯಾಯಿತು. ಎಣಿಸಬಾರದೆಂದುಕೊಂಡರೂ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಇನ್ನೂರರ ಹತ್ತಿರ ಆ ಕಾರು ಎದುರಿನಿಂದ ಬಂದು, ಧೂಳೆಬ್ಬಿಸದೆ, ಮೆಲ್ಲಗೆ ಅವನನ್ನು ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿ ಬಸುರಿ ಹೆಂಗಸು ಕಣ್ಣು ಮುಚ್ಚಿ ತಲೆ ಒರಗಿಸಿದ್ದಳು.

ಹೊಲಿಗೆಯವಳು ಗೇಟಿನ ಹತ್ತಿರವೇ ಇದ್ದಳು. ಅವನನ್ನು ಕಂಡು ಒಳಗೆ ಹೋಗಲು ತಿರುಗಿದವಳು ಹೋಗಲಿಲ್ಲ.

"ಒಪ್ಕೊಂಡ್ರು" ಎಂದಳು. ಅವನ ಮುಖ ನೋಡಲಿಲ್ಲ.

"ಅಳೆದ್ರಾ?"

ಅವಳು ಕೊರಳಿನ ಪಟ್ಟಿಯ ಎರಡು ತುದಿಗಳನ್ನೂ ಹಿಡಿದುಕೊಂಡಿದ್ದಳು.

"ಆ ಹುಡುಗಿ ಪಟ್ಟಿ ಕೇಳಿದ್ಲು ಅಣ್ಣಾ. ನನ್ನನ್ನೇ ಕೇಳಿದ್ಲು. ತೆಗೆಯೋಷ್ಟರಲ್ಲಿ ಆಯಮ್ಮ ನಕ್ಕರು, ಹೆಜ್ಜೆಯಣ್ಣನ ಕಾಗದ ಇದೆಯಲ್ಲ ಅಂತ. ಹುಡುಗಿಗೆ ನಾಚಿಕೆ ಆಯ್ತು." ಸ್ವಲ್ಪ ತಡೆದು, "ನಾನೂ ಸುಮ್ನಿದ್ದೆ" ಎಂದಳು.

ಅವನು ಕಂಬ ಹಿಡಿದು ನಿಂತಿದ್ದ. ಬಂದು ಕೂತು ಹೋಗಿ ಎಂದು ಅವಳು ಕರೆಯಲಿಲ್ಲ, ಅವನೂ ಕಾಯಲಿಲ್ಲ. ಮರದ ಕಟ್ಟೆ ಅಲ್ಲಿಂದ ಕಾಣುತ್ತಿತ್ತು. ಅವನು ಅದರ ಕಡೆಗೆ ತಿರುಗಿ ಎಡಗಾಲನ್ನು ಮುಂದಿಟ್ಟ.